ನಾಲ್ಕನೆಯ ಗೇರಿನಿಂದ ತಾನಾಗಿ ಮೂರಕ್ಕೆ ಇಳಿಯುವ ಆಟೋಮ್ಯಾಟಿಕ್ ಕಾರು: ದೋಷ ಗೇರ್‌ಬಾಕ್ಸಿನದೋ, ಎಂಜಿನ್ ಸೆನ್ಸರಿನದೋ?

ಹಾಸನದ ಹೆದ್ದಾರಿ

ಎಲ್ಲರಿಗೂ ನಮಸ್ಕಾರ. ನನ್ನಲ್ಲಿರುವುದು 2009ರ ಮಾದರಿಯ ಪೆಟ್ರೋಲ್ ಸೆಡಾನ್. ನಾಲ್ಕು ಗೇರುಗಳ, ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಇರುವ ಆಟೋಮ್ಯಾಟಿಕ್. ಪೆಡಲಿನಿಂದ ಥ್ರಾಟಲ್‌ಗೆ, ಅಂದರೆ ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲಿಗೆ, ಕೇಬಲ್ ಎಳೆದಿರುವ ಹಳೆಯ ಬಗೆ. ಮೀಟರಿನಲ್ಲಿ 1.2 ಲಕ್ಷ ಕಿಲೋಮೀಟರ್ ದಾಟಿದೆ.

ಗಂಟೆಗೆ 50-60 ಕಿಲೋಮೀಟರ್ ವೇಗದಲ್ಲಿ ಪೆಡಲನ್ನು ಹಗುರವಾಗಿ ಒತ್ತಿಕೊಂಡು ಸಾಗುತ್ತಿರುವಾಗ, ನಾನೇನೂ ಮಾಡದೆಯೇ ಗೇರು ನಾಲ್ಕರಿಂದ ಮೂರಕ್ಕೆ ಜಗ್ಗಿ ಇಳಿಯುತ್ತದೆ; ಸ್ವಲ್ಪ ಹೊತ್ತಿಗೆ ಮತ್ತೆ ನಾಲ್ಕಕ್ಕೆ ಏರುತ್ತದೆ. ಕೆಲವೊಮ್ಮೆ ಮೂರರಲ್ಲಿಯೇ ಉಳಿದುಬಿಡುತ್ತದೆ. ಆಗ ಗಾಡಿ ನಿಲ್ಲಿಸಿ ಕೀ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಆಗಿಲ್ಲವೆಂಬಂತೆ ಓಡುತ್ತದೆ. ಸಕಲೇಶಪುರ ದಾಟಿ ಶಿರಾಡಿ ಘಾಟಿಯ ಹದಗೆಟ್ಟ ರಸ್ತೆ ಸಿಕ್ಕಿದಾಗ ತೊಂದರೆ ಹೆಚ್ಚು, ನುಣುಪಾದ ರಸ್ತೆಯಲ್ಲಿ ಕಡಿಮೆ.

ಒಂದು ಗ್ಯಾರೇಜಿನಲ್ಲಿ ತೋರಿಸಿದಾಗ, ಗೇರ್‌ಬಾಕ್ಸ್ ಇಳಿಸಿ ಬಿಚ್ಚದೆ ಬೇರೆ ದಾರಿಯಿಲ್ಲವೆಂದು ಹೇಳಿ ಒಂದು ಲಕ್ಷದ ಆಸುಪಾಸಿನ ಅಂದಾಜು ಕೊಟ್ಟಿದ್ದಾರೆ. ಗೆಳೆಯರೊಬ್ಬರ ಬ್ಲೂಟೂತ್ ಕೋಡ್ ರೀಡರ್ ಹಾಕಿ ನೋಡಿದರೆ ಪಿ0122, ಪಿ0107 ಮತ್ತು ಪಿ0700 ಎಂಬ ಮೂರು ಕೋಡ್‌ಗಳು ಬಂದವು. ಕಳೆದ ಒಂದು ವರ್ಷದಲ್ಲಿ ಮಾಡಿಸಿದ ಕೆಲಸಗಳೆಂದರೆ ಎಂಜಿನ್ ಆಯಿಲ್, ಸ್ಪಾರ್ಕ್ ಪ್ಲಗ್, ಮುಂದಿನ ಎರಡು ಟೈರು, ಮುಂಭಾಗದ ಬಂಪರ್ ಬದಲಾವಣೆ ಮತ್ತು ಎಸಿ ಗ್ಯಾಸ್. ಹಣ ಕೊಟ್ಟು ಗೇರ್‌ಬಾಕ್ಸ್ ಬಿಚ್ಚಿಸುವುದಕ್ಕೆ ಮೊದಲು ಏನನ್ನು ಪರೀಕ್ಷಿಸಬೇಕೆಂದು ತಿಳಿದವರು ದಯವಿಟ್ಟು ಹೇಳಿ.

ತುಮಕೂರು ಗೇರ್‌ಬಾಕ್ಸ್

ಸರ್, ಗೇರ್‌ಬಾಕ್ಸ್ ಬಿಚ್ಚುವುದೇ ನನ್ನ ಕಸುಬು. ಆದರೂ ಮೊದಲು ಒಂದು ಮಾತು: ಅಂತರಜಾಲದಲ್ಲಿ ಎಲ್ಲರೂ ಸೆನ್ಸರ್ ಮೇಲೆಯೇ ತಪ್ಪು ಹೊರಿಸುತ್ತಾರೆ. ಒಂದಾದ ಮೇಲೊಂದು ಸೆನ್ಸರ್ ಬದಲಾಯಿಸಿ, ಕೊನೆಗೆ ಕ್ಲಚ್ ಪ್ಲೇಟುಗಳು ಸುಟ್ಟ ಮೇಲೆ ನಮ್ಮ ಬಳಿಗೆ ಬರುವವರನ್ನು ಬಹಳ ಕಂಡಿದ್ದೇನೆ.

ಆದ್ದರಿಂದ ಖರ್ಚಿಲ್ಲದ ಪರೀಕ್ಷೆಯಿಂದ ಆರಂಭಿಸಿ. ಗಾಡಿಯನ್ನು ಸ್ವಲ್ಪ ಓಡಿಸಿ, ಬಿಸಿಯಾದ ಮೇಲೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಬ್ರೇಕ್ ಒತ್ತಿಹಿಡಿದು ಲಿವರನ್ನು ಎಲ್ಲ ಸ್ಥಾನಗಳಿಗೂ ಒಮ್ಮೆ ಸರಿಸಿ ಪಾರ್ಕಿಗೆ ತನ್ನಿ. ಎಂಜಿನ್ ಓಡುತ್ತಿರುವಂತೆಯೇ ಡಿಪ್‌ಸ್ಟಿಕ್ ಎಳೆದು ಬಿಳಿಯ ಬಟ್ಟೆಗೆ ಒರೆಸಿ. ಮಟ್ಟ ಬಿಸಿ ಗುರುತಿನೊಳಗೆ ಇರಬೇಕು; ಬಣ್ಣ ಕೆಂಪಾಗಿಯೋ ತುಸು ಕಂದಾಗಿಯೋ ಇದ್ದರೆ ಅಡ್ಡಿಯಿಲ್ಲ. ಕಪ್ಪಾಗಿದ್ದು ಸುಟ್ಟ ವಾಸನೆ ಬರುತ್ತಿದ್ದರೆ ಸೆನ್ಸರಿನ ಮಾತನ್ನು ಅಲ್ಲಿಗೇ ಬಿಟ್ಟುಬಿಡಿ.

ಎರಡನೇ ಗೇರು

ಬ್ಯಾಟರಿಯ ಟರ್ಮಿನಲ್ ಕಳಚಿ ಅರ್ಧ ಗಂಟೆ ಬಿಡಿ, ಕಂಪ್ಯೂಟರ್ ತನ್ನಿಂದ ತಾನೇ ರೀಸೆಟ್ ಆಗುತ್ತದೆ.

ಪೀಣ್ಯ ಮಲ್ಟಿಮೀಟರ್

ದಯವಿಟ್ಟು ಆ ಕೆಲಸ ಮಾಡಬೇಡಿ. ಕೋಡ್ ದಾಖಲಾದ ಕ್ಷಣದಲ್ಲಿ ಗಾಡಿಯ ವೇಗ, ಎಂಜಿನ್ ಸುತ್ತು, ನೀರಿನ ಬಿಸಿ, ಥ್ರಾಟಲ್ ಎಷ್ಟಿತ್ತು ಎಂಬುದನ್ನೆಲ್ಲ ಕಂಪ್ಯೂಟರ್ ಒಂದು ಕಡೆ ಬರೆದಿಟ್ಟಿರುತ್ತದೆ. ಅದಕ್ಕೆ ಫ್ರೀಜ್ ಫ್ರೇಮ್ ಎನ್ನುತ್ತಾರೆ. ಬ್ಯಾಟರಿ ಕಳಚಿದರೆ ಅದು ಅಳಿಸಿಹೋಗಿ, ಇರುವ ಒಂದೇ ಸಾಕ್ಷ್ಯವನ್ನು ನಾವೇ ಒರೆಸಿ ಹಾಕಿದಂತಾಗುತ್ತದೆ. ಜೊತೆಗೆ ಗೇರ್‌ಬಾಕ್ಸ್ ಕಂಪ್ಯೂಟರ್ ಇಷ್ಟು ವರ್ಷ ಕಲಿತಿಟ್ಟುಕೊಂಡ ಒತ್ತಡದ ಹೊಂದಾಣಿಕೆಗಳೂ ಹಲವು ಗಾಡಿಗಳಲ್ಲಿ ಅಳಿಯುತ್ತವೆ. ಆಮೇಲೆ ಕೆಲವು ಕಾಲ ಎಲ್ಲ ಗೇರುಗಳೂ ಜಗ್ಗುತ್ತಿದ್ದು, ಹಳೆಯ ದೋಷ ಯಾವುದು ಹೊಸದು ಯಾವುದು ಎಂಬುದೇ ತಿಳಿಯುವುದಿಲ್ಲ.

ಇನ್ನು ಕೋಡ್‌ಗಳ ವಿಷಯ. ಪಿ0700 ಎಂದರೆ ಗೇರ್‌ಬಾಕ್ಸ್ ಕೆಟ್ಟಿದೆ ಎಂದಲ್ಲ. ‘ನನ್ನಲ್ಲೂ ಒಂದು ದೂರು ದಾಖಲಾಗಿದೆ, ಎಂಜಿನ್ ದೀಪ ಹೊತ್ತಿಸು’ ಎಂದು ಗೇರ್‌ಬಾಕ್ಸ್ ಕಂಪ್ಯೂಟರ್ ಎಂಜಿನ್ ಕಂಪ್ಯೂಟರನ್ನು ಕೇಳಿಕೊಂಡಿದೆ, ಅಷ್ಟೆ. ಆ ದೂರು ಯಾವುದೆಂದು ಅಗ್ಗದ ರೀಡರ್‌ಗಳು ಸಾಮಾನ್ಯವಾಗಿ ತೋರಿಸುವುದಿಲ್ಲ. ಗೇರ್‌ಬಾಕ್ಸ್ ಕಂಪ್ಯೂಟರಿನೊಡನೆ ಮಾತಾಡಬಲ್ಲ ಸ್ಕ್ಯಾನರ್ ಬೇಕು. ಪಿ0122 ಎಂದರೆ ಥ್ರಾಟಲ್ ಪೊಸಿಷನ್ ಸೆನ್ಸರಿನ ವೋಲ್ಟೇಜ್ ಇರಬೇಕಾದುದಕ್ಕಿಂತ ಕೆಳಗಿಳಿದಿದೆ ಎಂದು. ಪಿ0107 ಎಂದರೆ ಮ್ಯಾನಿಫೋಲ್ಡ್ ಒತ್ತಡದ ಸೆನ್ಸರ್, ಅಂದರೆ ಮ್ಯಾಪ್ ಸೆನ್ಸರಿನ ವೋಲ್ಟೇಜ್ ಕೆಳಗಿಳಿದಿದೆ ಎಂದು. ಬೇರೆ ಬೇರೆ ಕೆಲಸ ಮಾಡುವ ಎರಡು ಸೆನ್ಸರುಗಳು ಒಟ್ಟಿಗೇ ಸಾಯುವುದು ಅಪರೂಪ. ಎರಡಕ್ಕೂ ಸಮಾನವಾಗಿ ಇರುವುದು ಏನೆಂಬುದನ್ನು ಮೊದಲು ಹುಡುಕಬೇಕು.

ತುಮಕೂರು ಗೇರ್‌ಬಾಕ್ಸ್

ಪೀಣ್ಯದವರೇ, ಕೋಡಿನ ಅರ್ಥ ನನಗೂ ಗೊತ್ತು. ಥ್ರಾಟಲ್ ಸೆನ್ಸರ್ ಕೆಟ್ಟಿದ್ದರೆ ಎಂಜಿನ್ ಕೆಮ್ಮಬೇಕು, ಪಿಕಪ್ ಬೀಳಬೇಕು. ಇಲ್ಲಿ ಗೇರು ಜಗ್ಗುತ್ತಿದೆ ಎನ್ನುತ್ತಿದ್ದಾರೆ. ಎಂಜಿನ್ನಿನ ಸೆನ್ಸರಿಗೂ ಮೂರರಲ್ಲಿಯೇ ಗೇರು ನಿಲ್ಲುವುದಕ್ಕೂ ಏನು ಸಂಬಂಧವೆಂದು ಈ ಸದಸ್ಯರಿಗೆ ನೀವೇ ಬಿಡಿಸಿ ಹೇಳಬೇಕು.

ಮಿಷಿಗನ್ ಕನ್ನಡಿಗ

ನಾನು ಹೇಳಲು ಯತ್ನಿಸುತ್ತೇನೆ. ಡೆಟ್ರಾಯಿಟ್ ಸೀಮೆಯಲ್ಲಿ ಗೇರ್‌ಬಾಕ್ಸ್ ನಿಯಂತ್ರಣದ ಕೆಲಸದಲ್ಲಿಯೇ ಇರುವವನು ನಾನು.

ಹಿಂದಿನ ಕಾಲದ ಆಟೋಮ್ಯಾಟಿಕ್‌ಗಳಲ್ಲಿ ಥ್ರಾಟಲ್‌ನಿಂದ ಗೇರ್‌ಬಾಕ್ಸಿಗೆ ಒಂದು ಕೇಬಲ್ಲೋ ಎಂಜಿನ್ನಿನ ನಿರ್ವಾತದಿಂದ ನಡೆಯುವ ಮಾಡ್ಯುಲೇಟರೋ ಇರುತ್ತಿತ್ತು. ಚಾಲಕನಿಗೆ ಎಷ್ಟು ಶಕ್ತಿ ಬೇಕಾಗಿದೆಯೆಂಬುದು ಅದರ ಮೂಲಕವೇ ತಿಳಿಯುತ್ತಿತ್ತು. ನಿಯಂತ್ರಣ ಎಲೆಕ್ಟ್ರಾನಿಕ್ ಆದ ಮೇಲೆ ಆ ಸುದ್ದಿಯನ್ನು ಎಂಜಿನ್ನಿನ ಸೆನ್ಸರುಗಳೇ ಕೊಡುತ್ತವೆ. ಯಾವ ವೇಗದಲ್ಲಿ ಗೇರು ಏರಿಸಬೇಕು, ಯಾವಾಗ ಇಳಿಸಬೇಕು, ಕ್ಲಚ್ ಪ್ಲೇಟುಗಳನ್ನು ಎಷ್ಟು ಒತ್ತಡದಿಂದ ಹಿಡಿಯಬೇಕು, ಟಾರ್ಕ್ ಕನ್ವರ್ಟರಿನ ಲಾಕ್‌ಅಪ್ ಕ್ಲಚ್ (ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರವಾಗಿ ಬೆಸೆಯುವ ಕ್ಲಚ್) ಯಾವಾಗ ಕೂಡಿಸಬೇಕು ಎಂಬ ನಾಲ್ಕೂ ತೀರ್ಮಾನಗಳು ಥ್ರಾಟಲ್ ಸ್ಥಾನ, ಎಂಜಿನ್ ಹೊರೆ, ನೀರಿನ ಬಿಸಿ ಮತ್ತು ವೇಗದ ಲೆಕ್ಕದ ಮೇಲೆ ನಿಂತಿವೆ. ಗೇರು ಬದಲಾಗುವ ಕ್ಷಣದಲ್ಲಿ ಎಂಜಿನ್ನಿನ ಬಲವನ್ನು ತುಸು ತಗ್ಗಿಸುವಂತೆ ಗೇರ್‌ಬಾಕ್ಸ್ ಕಂಪ್ಯೂಟರ್ ಕೇಳುತ್ತದೆ, ಎಂಜಿನ್ ಕಂಪ್ಯೂಟರ್ ಸ್ಪಾರ್ಕನ್ನು ಹಿಂದಕ್ಕೆ ಸರಿಸಿ ಅದನ್ನು ಒಪ್ಪಿಸುತ್ತದೆ. ಈ ಮಾತುಕತೆ ಕೆಟ್ಟರೆ ಗೇರ್‌ಬಾಕ್ಸಿನ ಒಳಗೆ ಏನೂ ಸವೆಯದಿದ್ದರೂ ಗೇರು ಬೀಳುವಾಗ ಏಟು ಬಿದ್ದಂತಾಗುತ್ತದೆ.

ಥ್ರಾಟಲ್ ಸಂಕೇತವನ್ನು ನಂಬುವಂತಿಲ್ಲವೆಂದು ತೋರಿದಾಗ ಕಂಪ್ಯೂಟರ್ ಕ್ಲಚ್‌ಗಳು ಜಾರಿ ಸುಡದಿರಲೆಂದು ಒತ್ತಡವನ್ನು ಗರಿಷ್ಠಕ್ಕೆ ಏರಿಸುತ್ತದೆ. ಜಗ್ಗುವುದು ಅದರಿಂದ. ಇನ್ನೂ ಅನುಮಾನ ಉಳಿದರೆ ಗೇರು ಬದಲಿಸುವ ಸೊಲೆನಾಯ್ಡ್‌ಗಳಿಗೆ (ಎಣ್ಣೆಯ ಹಾದಿ ತೆರೆದು ಮುಚ್ಚುವ ವಿದ್ಯುತ್ ಕವಾಟಗಳಿಗೆ) ವಿದ್ಯುತ್ ಕೊಡುವುದನ್ನೇ ನಿಲ್ಲಿಸುತ್ತದೆ. ನಾಲ್ಕು ಗೇರುಗಳ ಹಲವು ಪೆಟ್ಟಿಗೆಗಳಲ್ಲಿ, ಸೊಲೆನಾಯ್ಡ್‌ಗಳೆಲ್ಲ ಆಫ್ ಆಗಿದ್ದಾಗ ಎಣ್ಣೆಯ ಹಾದಿ ಮೂರನೆಯ ಗೇರನ್ನು ಹಿಡಿಯುವಂತೆಯೇ ವಿನ್ಯಾಸವಿರುತ್ತದೆ. ಲಿಂಪ್ ಮೋಡ್ ಎನ್ನುವುದು ಇದನ್ನೇ. ಕೀ ಆಫ್ ಮಾಡಿ ಆನ್ ಮಾಡಿದಾಗ ಸರಿಹೋಗುವುದು ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಸುಟ್ಟ ಕ್ಲಚ್ ಪ್ಲೇಟು ಕೀ ತಿರುಗಿಸಿದ ಮಾತ್ರಕ್ಕೆ ಗುಣವಾಗುವುದಿಲ್ಲ.

ಮೂಲ ಬರಹಗಾರರು ಮೊದಲು ಫ್ರೀಜ್ ಫ್ರೇಮ್ ಓದಿ ಇಲ್ಲಿ ಹಾಕಲಿ. ಅಮೆರಿಕದಲ್ಲಿ 1996ರಿಂದ ಓಬಿಡಿ-2, ಅಂದರೆ ಗಾಡಿಯೇ ತನ್ನ ದೋಷ ಪತ್ತೆಹಚ್ಚಿ ಕೋಡ್ ಬರೆದಿಡುವ ವ್ಯವಸ್ಥೆ, ಕಡ್ಡಾಯವಾಗಿದೆ, ಭಾರತದಲ್ಲಿ ಅದು ಕಡ್ಡಾಯವಾದದ್ದು 2013ರಲ್ಲಿ. ಆದರೆ ಅದಕ್ಕೂ ಹಿಂದಿನ ಹಲವು ಗಾಡಿಗಳಲ್ಲಿ ಈ ಸೌಕರ್ಯ ಇದ್ದೇ ಇದೆ.

ಕಡಲತಡಿ ವೈರ್‌ಮನ್

ಮಂಗಳೂರಿನಲ್ಲಿ ಗಾಡಿಗಳ ಎಲೆಕ್ಟ್ರಿಕಲ್ ಕೆಲಸ ಮಾಡುತ್ತೇನೆ. ನಮ್ಮ ಕಡೆ ಉಪ್ಪುಗಾಳಿಯಿಂದ ಕನೆಕ್ಟರ್ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿಯುವುದೂ, ನಿಲ್ಲಿಸಿಟ್ಟ ಗಾಡಿಗಳ ವೈರನ್ನು ಇಲಿಗಳು ಕಡಿಯುವುದೂ ದಿನನಿತ್ಯದ ಮಾತು. ಕೋಡ್ ಸೆನ್ಸರಿನ ಹೆಸರು ಹೇಳುತ್ತದೆ, ಆದರೆ ಆ ಹೆಸರಿನಡಿ ಸೆನ್ಸರ್, ಅದರ ಕನೆಕ್ಟರ್, ಮೂರು ವೈರು, ಕಂಪ್ಯೂಟರಿನ ಪಿನ್ನು ಎಲ್ಲವೂ ಸೇರಿವೆ. ಹದಗೆಟ್ಟ ರಸ್ತೆಯಲ್ಲಿ ತೊಂದರೆ ಹೆಚ್ಚು ಎಂದಿರುವುದರಿಂದ ನನ್ನ ಅನುಮಾನ ವೈರಿಂಗ್ ಮೇಲಿದೆ.

ಒಂದು ಪ್ರಶ್ನೆ: ಗೇರು ಜಗ್ಗುವ ಹೊತ್ತಿಗೆ ಎಸಿಯಿಂದ ತಂಪು ಗಾಳಿ ಬರುವುದೂ ನಿಲ್ಲುತ್ತದೆಯೇ?

ರೇಡಿಯೇಟರ್ ರಸ್ತೆ

ನೀರಿನ ಬಿಸಿಯ ಮಾತು ಬಂದದ್ದರಿಂದ ಹೇಳುತ್ತಿದ್ದೇನೆ. ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಕವಾಟವೇ ಥರ್ಮೋಸ್ಟಾಟ್. ‘ನಮ್ಮ ಹವೆಗೆ ಥರ್ಮೋಸ್ಟಾಟ್ ಬೇಡ’ ಎಂದು ಅದನ್ನು ಕಿತ್ತೆಸೆಯುವ ಅಭ್ಯಾಸ ಹಲವು ಗ್ಯಾರೇಜುಗಳಲ್ಲಿ ಈಗಲೂ ಇದೆ. ಆಟೋಮ್ಯಾಟಿಕ್ ಗಾಡಿಯಲ್ಲಿ ಇದು ದೊಡ್ಡ ಅನಾಹುತ. ನೀರು ನಿಗದಿತ ಬಿಸಿಗೆ ಬರುವವರೆಗೂ ಲಾಕ್‌ಅಪ್ ಕೂಡುವುದಿಲ್ಲ, ಕೆಲವು ಗಾಡಿಗಳಲ್ಲಿ ಕೊನೆಯ ಗೇರೂ ಸಿಗುವುದಿಲ್ಲ. ಹೆದ್ದಾರಿಯ ಗಾಳಿಗೆ ಎಂಜಿನ್ ತಣ್ಣಗಾಗುತ್ತಲೇ ಇದ್ದರೆ ಗೇರ್‌ಬಾಕ್ಸ್ ಇಡೀ ಪ್ರಯಾಣದಲ್ಲಿ ‘ಎಂಜಿನ್ ಇನ್ನೂ ತಣ್ಣಗಿದೆ’ ಎಂದೇ ನಂಬಿರುತ್ತದೆ. ಮೈಲೇಜ್ ಬೀಳುತ್ತದೆ, ಕನ್ವರ್ಟರಿನ ಎಣ್ಣೆ ಸುಮ್ಮನೆ ಬಿಸಿಯಾಗುತ್ತದೆ. ನೀರು ಬೇಕಾದಷ್ಟು ಬಿಸಿಯಾಗುತ್ತಿಲ್ಲ ಎನ್ನುವ ಪಿ0128 ಕೋಡ್ ಬಂದಿದ್ದರೆ ಮೊದಲು ಥರ್ಮೋಸ್ಟಾಟ್ ಇದೆಯೋ ಇಲ್ಲವೋ ನೋಡಿ. ನೀರಿನ ಸೆನ್ಸರಿನ ವೈರು ತುಂಡಾಗಿದ್ದರೆ ಸ್ಕ್ಯಾನರಿನಲ್ಲಿ ಮೈನಸ್ 40 ಡಿಗ್ರಿ ಎಂದು ಬರುತ್ತದೆ. ಹಾಸನದಲ್ಲಿ ಅಷ್ಟು ಚಳಿ ಇರಲಾರದು.

ತುಮಕೂರು ಗೇರ್‌ಬಾಕ್ಸ್

ಥರ್ಮೋಸ್ಟಾಟ್ ವಿಷಯದಲ್ಲಿ ನನ್ನ ಪೂರ್ಣ ಒಪ್ಪಿಗೆಯಿದೆ.

ಹಾಸನದ ಹೆದ್ದಾರಿ

ಎಲ್ಲರಿಗೂ ಧನ್ಯವಾದ. ಕೇಳಿದ ವಿವರಗಳು ಹೀಗಿವೆ.

ಗೇರ್‌ಬಾಕ್ಸ್ ಎಣ್ಣೆಯ ಮಟ್ಟ ಸರಿಯಾಗಿದೆ. ಬಣ್ಣ ಕಂದುಗೆಂಪು, ಸುಟ್ಟ ವಾಸನೆ ಇಲ್ಲ. ಪಿ0122ರ ಫ್ರೀಜ್ ಫ್ರೇಮಿನಲ್ಲಿ ವೇಗ 54, ಎಂಜಿನ್ ಸುತ್ತು 1,850, ನೀರಿನ ಬಿಸಿ 89 ಡಿಗ್ರಿ, ಥ್ರಾಟಲ್ ಸೊನ್ನೆ, ಮ್ಯಾನಿಫೋಲ್ಡ್ ಒತ್ತಡ 10 ಕಿಲೋಪ್ಯಾಸ್ಕಲ್ ಎಂದಿದೆ. ಥರ್ಮೋಸ್ಟಾಟ್ ತನ್ನ ಜಾಗದಲ್ಲಿಯೇ ಇದೆ.

ಮಂಗಳೂರಿನವರ ಪ್ರಶ್ನೆಗೆ ಉತ್ತರ: ಹೌದು, ಎಸಿ ಆಗಾಗ ನಿಂತು ಮತ್ತೆ ಆರಂಭವಾಗುತ್ತದೆ. ಗೇರು ಜಗ್ಗಿದ ಮೇಲೆ ಸ್ವಲ್ಪ ಹೊತ್ತು ಬರೀ ಬೆಚ್ಚನೆಯ ಗಾಳಿ ಬರುತ್ತದೆ. ಎಸಿ ಅಂಗಡಿಯವರು ಗ್ಯಾಸ್ ಕಡಿಮೆಯಿದೆ ಎಂದು ಹೇಳಿ ತುಂಬಿಸಿಕೊಟ್ಟಿದ್ದರು. ಗೇರಿಗೂ ಎಸಿಗೂ ನಂಟು ಇರಬಹುದೆಂದು ಯಾವ ಗ್ಯಾರೇಜಿನವರೂ ಸೂಚಿಸಿರಲಿಲ್ಲ.

ಪೀಣ್ಯ ಮಲ್ಟಿಮೀಟರ್

10 ಕಿಲೋಪ್ಯಾಸ್ಕಲ್ ಎಂಬ ಅಂಕಿಯನ್ನು ಎಲ್ಲರೂ ಗಮನಿಸಬೇಕು. ಆರೋಗ್ಯವಂತ ಪೆಟ್ರೋಲ್ ಎಂಜಿನ್ ಐಡಲ್‌ನಲ್ಲಿ ಸುಮಾರು 30ರಿಂದ 40 ಕಿಲೋಪ್ಯಾಸ್ಕಲ್ ತೋರಿಸುತ್ತದೆ. ಪೆಡಲ್ ಪೂರ್ತಿ ಬಿಟ್ಟು ಇಳಿಜಾರಿನಲ್ಲಿ ಉರುಳುವಾಗ ಇನ್ನೂ ಕೆಳಗಿಳಿಯುತ್ತದೆ, ಆದರೆ 10ಕ್ಕೆ ಬರುವುದಿಲ್ಲ. ಅಷ್ಟು ನಿರ್ವಾತವನ್ನು ಆ ಎಂಜಿನ್ ಉಂಟುಮಾಡಲಾರದು. ಆದ್ದರಿಂದ ಅದು ಒತ್ತಡದ ಅಳತೆಯಲ್ಲ, ಬಿದ್ದುಹೋದ ವೋಲ್ಟೇಜಿನ ಅಳತೆ.

ಮ್ಯಾಪ್ ಸೆನ್ಸರ್ ತಾನೇ ಸರಿಯಿದೆಯೋ ಎಂದು ನೋಡಲು ಸುಲಭದ ದಾರಿಯಿದೆ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿದಾಗ ಅದು ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಮಂಗಳೂರಿನಲ್ಲಿ ಅದು 101ರ ಹತ್ತಿರ, ಬೆಂಗಳೂರಿನ ಎತ್ತರದಲ್ಲಿ 91ರ ಹತ್ತಿರ, ಹಾಸನದಲ್ಲಿ 90ರ ಹತ್ತಿರ ಇರುತ್ತದೆ.

ಲೆಕ್ಕದ ಮೇಡಂ

ನನಗೊಂದು ಅನುಮಾನವಿದೆ. ಥ್ರಾಟಲ್ ಸೊನ್ನೆ ಎಂದು ಗೇರ್‌ಬಾಕ್ಸಿಗೆ ತಿಳಿದರೆ ಚಾಲಕ ಪೆಡಲಿನಿಂದ ಕಾಲು ತೆಗೆದನೆಂದು ಅದು ಭಾವಿಸಬೇಕು. ಕಾಲು ತೆಗೆದಾಗ ಆಟೋಮ್ಯಾಟಿಕ್ ಗಾಡಿಗಳು ಮೇಲಿನ ಗೇರಿಗೆ ಹೋಗುತ್ತವೆಯೇ ಹೊರತು ಕೆಳಗಿನ ಗೇರಿಗೆ ಇಳಿಯುವುದಿಲ್ಲ. ಹಾಗಿರುವಾಗ ಇವರ ಗಾಡಿ ನಾಲ್ಕರಿಂದ ಮೂರಕ್ಕೆ ಇಳಿಯುವುದೇಕೆ? ನಿಮ್ಮ ವಿವರಣೆ ದಿಕ್ಕನ್ನೇ ತಿರುವುಮುರುವು ಮಾಡಿದಂತಿದೆ.

ತುಮಕೂರು ಗೇರ್‌ಬಾಕ್ಸ್

ಮೇಡಂ ಕೇಳಿದ್ದು ಸರಿಯಾಗಿದೆ. ಇದಕ್ಕೆ ಉತ್ತರ ಸಿಗದೆ ನಾನು ಒಪ್ಪುವುದಿಲ್ಲ.

ಮಿಷಿಗನ್ ಕನ್ನಡಿಗ

ಬಹಳ ಒಳ್ಳೆಯ ಪ್ರಶ್ನೆ, ಮೇಡಂ. ಸಂಕೇತ ಬೀಳುವಾಗ ಆಗುವುದನ್ನು ಮಾತ್ರ ನೋಡಿದರೆ ನೀವು ಹೇಳಿದ್ದೇ ನಿಜ: ಸೊನ್ನೆಗೆ ಬಿದ್ದ ಕೂಡಲೇ ಲಾಕ್‌ಅಪ್ ಬಿಡುತ್ತದೆ, ಗೇರು ನಾಲ್ಕರಲ್ಲಿಯೇ ಇರುತ್ತದೆ. ಆದರೆ ಸಂಕೇತ ಮರಳಿ ಬರುವಾಗಿನ ಸ್ಥಿತಿಯನ್ನು ಯೋಚಿಸಿ. ಸೊನ್ನೆಯಿದ್ದ ಥ್ರಾಟಲ್ ಕಣ್ಣು ಮಿಟುಕಿಸುವಷ್ಟರಲ್ಲಿ ಶೇಕಡ 25ಕ್ಕೆ ಹಾರುತ್ತದೆ. ಕಂಪ್ಯೂಟರ್ ಥ್ರಾಟಲ್ ಎಷ್ಟು ತೆರೆದಿದೆ ಎಂಬುದರ ಜೊತೆಗೆ ಎಷ್ಟು ಬೇಗ ತೆರೆಯಿತು ಎಂಬುದನ್ನೂ ಲೆಕ್ಕ ಹಾಕುತ್ತದೆ. ಅಷ್ಟು ವೇಗದ ಜಿಗಿತವನ್ನು ಕಂಡರೆ, ಚಾಲಕ ಓವರ್‌ಟೇಕ್ ಮಾಡಲು ಪೆಡಲನ್ನು ತುಳಿದನೆಂದು ತಿಳಿದು ಒಂದು ಗೇರು ಇಳಿಸುತ್ತದೆ. ಆಮೇಲೆ ಥ್ರಾಟಲ್ ಸ್ಥಿರವಾಗಿದೆಯೆಂದು ಕಂಡಾಗ ಮತ್ತೆ ಏರಿಸುತ್ತದೆ. ಸಂಕೇತ ಹೆಚ್ಚು ಹೊತ್ತು ಬಿದ್ದೇ ಇದ್ದರೆ ಮಾತ್ರ ಕೋಡ್ ದಾಖಲಾಗಿ ಲಿಂಪ್ ಮೋಡ್‌ಗೆ ಹೋಗುತ್ತದೆ. ಮೂಲ ಬರಹದ ಎರಡು ಲಕ್ಷಣಗಳಿಗೂ ಹೀಗೆ ಒಂದೇ ಕಾರಣ ಇರಲು ಸಾಧ್ಯ.

ಲೆಕ್ಕದ ಮೇಡಂ

ಹಾಗಾದರೆ ಒಪ್ಪಬಹುದು. ಆದರೆ ಅಷ್ಟು ಸಣ್ಣ ಅವಧಿಯ ಬೀಳುವಿಕೆ ಬ್ಲೂಟೂತ್ ರೀಡರಿನಲ್ಲಿ ಕಾಣಿಸುತ್ತದೆಯೇ?

ಪೀಣ್ಯ ಮಲ್ಟಿಮೀಟರ್

ಬಹುತೇಕ ಕಾಣಿಸುವುದಿಲ್ಲ. ಅವು ಸೆಕೆಂಡಿಗೆ ಕೆಲವೇ ಸಲ ಓದುತ್ತವೆ; ಹೆಚ್ಚು ಅಂಶಗಳನ್ನು ಆಯ್ದುಕೊಂಡಷ್ಟೂ ಇನ್ನೂ ನಿಧಾನ. ಸಾಮಾನ್ಯ ಡಿಜಿಟಲ್ ಮೀಟರಿನ ಅಂಕಿಯೂ ತಡವಾಗಿ ಬದಲಾಗುತ್ತದೆ. ಕನಿಷ್ಠ-ಗರಿಷ್ಠ ಹಿಡಿದಿಡುವ ಸೌಲಭ್ಯವಿರುವ ಮೀಟರ್ ಬೇಕು, ಇಲ್ಲವೇ ಹಳೆಯ ಮುಳ್ಳಿನ ಮೀಟರ್ ಬೇಕು. ಮುಳ್ಳು ಒಂದು ಸಲ ಹಾರಿದರೆ ಕಣ್ಣಿಗೆ ಬೀಳುತ್ತದೆ. ಆಸಿಲೋಸ್ಕೋಪ್ ಇದ್ದವರಿಗೆ ಮಾತೇ ಬೇಡ.

ಎರಡನೇ ಗೇರು

ಇಷ್ಟೆಲ್ಲ ಅಳೆಯುವ ಬದಲು ಶಿವಾಜಿನಗರದ ಗುಜರಿಯಲ್ಲಿ ಒಂದು ಥ್ರಾಟಲ್ ಸೆನ್ಸರ್ ತಂದು ಹಾಕಿ ನೋಡುವುದು ಸುಲಭವಲ್ಲವೇ? ಕೆಲವು ನೂರು ರೂಪಾಯಿಗೆ ಸಿಗುತ್ತದೆ.

ಕಡಲತಡಿ ವೈರ್‌ಮನ್

ಸುಲಭ, ಆದರೆ ಉತ್ತರ ಸಿಗುವುದಿಲ್ಲ. ಥ್ರಾಟಲ್ ಸೆನ್ಸರಿನ ಒಳಗೆ ಇಂಗಾಲದ ಪಟ್ಟಿಯ ಮೇಲೆ ಜಾರುವ ಒಂದು ಸಂಪರ್ಕ ಇರುತ್ತದೆ. ನಾವು ಯಾವಾಗಲೂ ಪೆಡಲನ್ನು ಹಿಡಿದಿಡುವ ಜಾಗದಲ್ಲಿ ಆ ಪಟ್ಟಿ ಸವೆದುಹೋಗುತ್ತದೆ. ಗುಜರಿಯಿಂದ ತಂದ ಸೆನ್ಸರೂ ಇನ್ನೊಂದು ಗಾಡಿಯಲ್ಲಿ ಅಷ್ಟೇ ಸವೆದಿರುತ್ತದೆ. ಹಾಕಿದ ಮೇಲೂ ಗೇರು ಜಗ್ಗಿದರೆ ತಂದದ್ದು ಕೆಟ್ಟದ್ದೋ, ವೈರು ಕೆಟ್ಟದ್ದೋ ಎಂದು ಹೇಗೆ ಹೇಳುತ್ತೀರಿ? ಹೊಸದು ಬೇಕಾದರೆ ಜೆ.ಸಿ. ರಸ್ತೆಯಲ್ಲಿ ಸಿಗುತ್ತದೆ, ಆದರೆ ಅದು ಬೇಕೆಂದು ತಿಳಿದ ಮೇಲೆ ತನ್ನಿ.

ಹಾಸನದವರೇ, ನೀವು ಮಾಡಬೇಕಾದದ್ದನ್ನು ಹೇಳುತ್ತೇನೆ. ಥ್ರಾಟಲ್ ಸೆನ್ಸರಿಗೆ ಮೂರು ವೈರು ಬರುತ್ತವೆ: ಒಂದು ಕಂಪ್ಯೂಟರ್ ಕೊಡುವ 5 ವೋಲ್ಟ್, ಒಂದು ಅರ್ತ್, ಒಂದು ಸಂಕೇತ. ಕನೆಕ್ಟರ್ ಕಳಚದೆ, ಅದರ ಹಿಂಬದಿಯಿಂದ ತೆಳುವಾದ ಪಿನ್ನು ತೂರಿಸಿ ಅಳೆಯಿರಿ. ವೈರಿನ ಮೇಲ್ಪದರಕ್ಕೆ ಸೂಜಿ ಚುಚ್ಚಬೇಡಿ, ಆ ತೂತಿನಿಂದಲೇ ಮುಂದೆ ಕಿಲುಬು ಆರಂಭವಾಗುತ್ತದೆ. ಕೀ ಆನ್ ಮಾಡಿ ಎಂಜಿನ್ ಸ್ಟಾರ್ಟ್ ಮಾಡದೆ ಪೆಡಲನ್ನು ಬಹಳ ನಿಧಾನವಾಗಿ ಒತ್ತಿಸಿ. ಸಂಕೇತದ ವೈರು ಸುಮಾರು 0.5 ವೋಲ್ಟಿನಿಂದ 4.5ರ ಹತ್ತಿರದವರೆಗೆ ಎಲ್ಲಿಯೂ ತಡವರಿಸದೆ ಏರಬೇಕು. ನಡುವೆ ಬಿದ್ದರೆ ಸೆನ್ಸರ್ ಸವೆದಿದೆ. ಅರ್ತ್ ವೈರಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ 0.1 ವೋಲ್ಟಿಗಿಂತ ಹೆಚ್ಚಿರಬಾರದು. ಇವೆರಡೂ ಸರಿಯಿದ್ದರೆ ಮೀಟರನ್ನು 5 ವೋಲ್ಟ್ ವೈರಿಗೆ ಹಾಕಿ, ಕನಿಷ್ಠ ಅಂಕಿ ಹಿಡಿಯುವಂತೆ ಇಟ್ಟು, ವೈರಿಂಗನ್ನು ಅಲ್ಲಲ್ಲಿ ಅಲುಗಾಡಿಸಿ.

ಎಸಿ ಬಗ್ಗೆ ಕೇಳಿದ್ದು ಇದಕ್ಕೇ. ಹಲವು ಗಾಡಿಗಳಲ್ಲಿ ಥ್ರಾಟಲ್ ಸೆನ್ಸರ್, ಮ್ಯಾಪ್ ಸೆನ್ಸರ್ ಮತ್ತು ಎಸಿ ಕೊಳವೆಯ ಒತ್ತಡದ ಸೆನ್ಸರ್ ಮೂರೂ ಒಂದೇ 5 ವೋಲ್ಟ್ ಲೈನಿನಿಂದ ನಡೆಯುತ್ತವೆ. ಒಂದು ಕವಲು ಬಾಡಿಗೆ ತಾಗಿದರೆ ಮೂರೂ ಒಟ್ಟಿಗೆ ಬೀಳುತ್ತವೆ. ಎಸಿಯ ಒತ್ತಡ ಗೊತ್ತಾಗದಿದ್ದರೆ ಕಂಪ್ಯೂಟರ್ ಕಂಪ್ರೆಸರನ್ನು ನಿಲ್ಲಿಸುತ್ತದೆ. ಬಂಪರ್ ಬದಲಾಯಿಸಿದ್ದೇವೆ ಎಂದು ನೀವೇ ಬರೆದಿದ್ದೀರಿ. ಆ ಸೆನ್ಸರ್ ಇರುವುದು ಸಾಮಾನ್ಯವಾಗಿ ಅಲ್ಲೇ, ಕಂಡೆನ್ಸರಿನ ಬದಿಯಲ್ಲಿ.

ತುಮಕೂರು ಗೇರ್‌ಬಾಕ್ಸ್

ಇಷ್ಟಾದರೂ ಒಂದು ಪರೀಕ್ಷೆಯನ್ನು ಬಿಡಬಾರದು. ಗಂಟೆಗೆ 60-70ರಲ್ಲಿ ಸ್ಥಿರವಾಗಿ ಓಡುವಾಗ ನಡುಕ ಕಂಡರೆ, ಬಲಗಾಲನ್ನು ಕದಲಿಸದೆ ಎಡಗಾಲಿನಿಂದ ಬ್ರೇಕ್ ಪೆಡಲನ್ನು ದೀಪ ಹೊತ್ತುವಷ್ಟು ಮಾತ್ರ ಮುಟ್ಟಿ. ಬ್ರೇಕ್ ಸ್ವಿಚ್ ಒತ್ತಿದ ಕೂಡಲೇ ಲಾಕ್‌ಅಪ್ ಬಿಡುತ್ತದೆ. ನಡುಕ ನಿಂತರೆ ದೋಷ ಲಾಕ್‌ಅಪ್ ಕ್ಲಚ್ಚಿನದು ಅಥವಾ ಎಣ್ಣೆಯದು. ನಿಲ್ಲದಿದ್ದರೆ ಪ್ಲಗ್ಗೋ ಕಾಯಿಲ್ಲೋ ಮಿಸ್ ಹೊಡೆಯುತ್ತಿದೆ. ಹಿಂದೆ ವಾಹನ ಇಲ್ಲದ, ಬಿಡುವಿನ ರಸ್ತೆಯಲ್ಲಿ ಮಾತ್ರ ಮಾಡಿ. ಸ್ಕ್ಯಾನರಿನಲ್ಲಿ ಒಳಬರುವ ಮತ್ತು ಹೊರಹೋಗುವ ಶಾಫ್ಟುಗಳ ಸುತ್ತು ಎರಡೂ ಕಾಣಿಸಿದರೆ ಇನ್ನೂ ಒಳ್ಳೆಯದು. ಗೇರು ಕೂಡಿದ ಮೇಲೆ ಎರಡರ ಅನುಪಾತ ಸ್ಥಿರವಾಗಿರಬೇಕು. ಅದು ಅಲ್ಲಾಡಿದರೆ ಒಳಗೆ ಜಾರುತ್ತಿದೆ, ಆಗ ಯಾವ ವೈರನ್ನು ಸರಿಮಾಡಿದರೂ ಪ್ರಯೋಜನವಿಲ್ಲ.

ಮಿಷಿಗನ್ ಕನ್ನಡಿಗ

ಈ ಅನುಪಾತದ ಪರೀಕ್ಷೆ ಇಡೀ ಚರ್ಚೆಯಲ್ಲಿ ಬಂದ ಅತ್ಯಂತ ಉಪಯುಕ್ತ ಸಲಹೆ. ಗೇರ್‌ಬಾಕ್ಸ್ ಬಿಚ್ಚಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವುದು ಅದೇ. ಗೇರಿನ ಅನುಪಾತ ತಪ್ಪಿದೆ ಎನ್ನುವ ಪಿ0730 ಕೋಡ್ ಬರುವುದೂ ಇದೇ ಲೆಕ್ಕದಿಂದ.

ಘಟ್ಟದ ಕೆಳಗೆ

ನನ್ನ ಗಾಡಿಯ ಕಥೆ ಸ್ವಲ್ಪ ಬೇರೆ. ಗೇರು ಜಗ್ಗುವ ಬದಲು ಜಾರಿದಂತೆ ಏರುತ್ತಿತ್ತು: ಎರಡರಿಂದ ಮೂರಕ್ಕೆ ಹೋಗುವಾಗ ಎಂಜಿನ್ ಸುಮ್ಮನೆ ಕೂಗಿ ಆಮೇಲೆ ಹಿಡಿಯುತ್ತಿತ್ತು. ಕೋಡ್ ಇದ್ದದ್ದು ಪಿ0171 ಒಂದೇ, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ. ಎಣ್ಣೆ ಹಚ್ಚುವ ಬಗೆಯ ಏರ್ ಫಿಲ್ಟರ್ ಹಾಕಿಸಿದ್ದರಿಂದ ಮಾಫ್ ಸೆನ್ಸರಿನ (ಎಂಜಿನ್ನಿಗೆ ಹೋಗುವ ಗಾಳಿಯನ್ನು ಅಳೆಯುವ ಸೆನ್ಸರಿನ) ತಂತಿಗೆ ಎಣ್ಣೆ ಮತ್ತು ದೂಳು ಅಂಟಿತ್ತು. ಅದಕ್ಕೆಂದೇ ಸಿಗುವ ಸ್ಪ್ರೇ ಹಾಕಿ ತೊಳೆದ ಮೇಲೆ ಎರಡೂ ಸರಿಹೋದವು.

ಪೀಣ್ಯ ಮಲ್ಟಿಮೀಟರ್

ಅದರ ಕಾರಣವೂ ತಿಳಿದಿರಲಿ. ಒಳಬರುವ ಗಾಳಿಯನ್ನು ಮಾಫ್ ಸೆನ್ಸರ್ ಕಡಿಮೆ ಲೆಕ್ಕ ಹಾಕಿದರೆ ಎಂಜಿನ್ನಿನ ಹೊರೆಯೂ ಕಡಿಮೆಯೆಂದು ಗೇರ್‌ಬಾಕ್ಸ್ ತಿಳಿಯುತ್ತದೆ, ಕ್ಲಚ್‌ಗಳನ್ನು ಸಡಿಲವಾಗಿ ಹಿಡಿಯುತ್ತದೆ. ನಿಜವಾದ ಬಲ ಹೆಚ್ಚಿರುವುದರಿಂದ ಅವು ಜಾರುತ್ತವೆ. ಹೀಗೆಯೇ ಬಹಳ ಕಾಲ ಓಡಿಸಿದರೆ ಎಂಜಿನ್ ಸೆನ್ಸರಿನ ಕೊಳೆಯಿಂದಲೇ ನಿಜವಾಗಿ ಗೇರ್‌ಬಾಕ್ಸ್ ಸುಡುತ್ತದೆ. ಕಾರ್ಬುರೇಟರ್ ತೊಳೆಯುವ ಸ್ಪ್ರೇಯನ್ನು ಮಾತ್ರ ಅದಕ್ಕೆ ಹೊಡೆಯಬೇಡಿ, ಬಟ್ಟೆಯಿಂದ ಒರೆಸಲೂ ಬೇಡಿ.

ಹೊಸ ಸದಸ್ಯ

ನನ್ನದು ಎಎಂಟಿ ಗಾಡಿ. ಒಂದರಿಂದ ಎರಡಕ್ಕೆ ಹೋಗುವಾಗ ತಲೆ ಮುಂದಕ್ಕೆ ಬಾಗುತ್ತದೆ. ಇದೂ ಸೆನ್ಸರಿನ ದೋಷವೇ?

ತುಮಕೂರು ಗೇರ್‌ಬಾಕ್ಸ್

ಅದು ದೋಷವಲ್ಲ ಸರ್, ಅದರ ಸ್ವಭಾವ. ಎಎಂಟಿಯಲ್ಲಿ ಇರುವುದು ಮಾಮೂಲಿ ಮ್ಯಾನುವಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತುವ ಮತ್ತು ಗೇರು ಹಾಕುವ ಕೆಲಸವನ್ನು ನಮ್ಮ ಬದಲಿಗೆ ಯಂತ್ರ ಮಾಡುತ್ತದೆ. ಗೇರು ಏರುವ ಹೊತ್ತಿಗೆ ಪೆಡಲನ್ನು ಒಂದಿಷ್ಟು ಸಡಿಲಿಸಿದರೆ ಜಗ್ಗುವುದು ಕಡಿಮೆಯಾಗುತ್ತದೆ. ಹಿಂದೆ ಇಲ್ಲದೆ ಹೊಸದಾಗಿ ಆರಂಭವಾಗಿದ್ದರೆ ಕ್ಲಚ್ ಸವೆತವನ್ನೂ ಬ್ರೇಕ್ ಸ್ವಿಚ್ಚನ್ನೂ ನೋಡಿಸಿ. ಇಲ್ಲಿ ಹೇಳಿದ ಲಾಕ್‌ಅಪ್ ಪರೀಕ್ಷೆ ನಿಮ್ಮ ಗಾಡಿಗೆ ಅನ್ವಯಿಸುವುದಿಲ್ಲ.

ಹಾಸನದ ಹೆದ್ದಾರಿ

ಪರೀಕ್ಷೆಗಳು ಮುಗಿದವು. ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರನ್ನು ಜೊತೆಗೆ ಕೂರಿಸಿಕೊಂಡು, ಮಂಗಳೂರಿನವರು ಹೇಳಿದ ಕ್ರಮದಲ್ಲಿಯೇ ಮಾಡಿದೆವು.

ಕೀ ಮಾತ್ರ ಆನ್ ಮಾಡಿದಾಗ ಮ್ಯಾಪ್ ಸೆನ್ಸರ್ 90 ತೋರಿಸಿತು. ಥ್ರಾಟಲ್ ಸಂಕೇತ 0.52ರಿಂದ 4.4 ವೋಲ್ಟಿನವರೆಗೆ ಎಲ್ಲಿಯೂ ಬೀಳದೆ ಏರಿತು. ಅರ್ತ್ ಸರಿಯಿತ್ತು. 5 ವೋಲ್ಟ್ ವೈರಿಗೆ ಮೀಟರ್ ಹಾಕಿ ಎಂಜಿನ್ನಿನ ಮೇಲಿನ ವೈರಿಂಗನ್ನೆಲ್ಲ ಅಲುಗಾಡಿಸಿದರೂ 5.01 ಕದಲಲಿಲ್ಲ. ಆದರೆ ಮುಂದಿನ ಬಂಪರನ್ನು ಕೈಯಿಂದ ಒತ್ತಿ ಬಿಟ್ಟಾಗ ಕನಿಷ್ಠ ಅಂಕಿ 0.2ಕ್ಕೆ ಇಳಿಯಿತು. ಎಸಿ ಒತ್ತಡದ ಸೆನ್ಸರಿನ ಕನೆಕ್ಟರನ್ನು ಕಳಚಿ ನೋಡಿದೆವು; ಆಗಲೂ ಹಾಗೆಯೇ ಬಿತ್ತು. ಸೆನ್ಸರ್ ನಿರ್ದೋಷಿಯೆಂದೂ ವೈರೇ ತಾಗುತ್ತಿದೆಯೆಂದೂ ಅಲ್ಲಿಗೆ ಖಚಿತವಾಯಿತು. ಬಂಪರ್ ಇಳಿಸಿದರೆ, ಹಿಂದೆ ಜೋಡಿಸಿದವರು ಆ ವೈರನ್ನು ಅದರ ಕ್ಲಿಪ್ಪಿಗೆ ಹಾಕದೆ ಒಳಗಿನ ಕಬ್ಬಿಣದ ಪಟ್ಟಿಗೂ ರೇಡಿಯೇಟರ್ ಹಿಡಿದಿರುವ ಚೌಕಟ್ಟಿಗೂ ನಡುವೆ ಸಿಕ್ಕಿಸಿದ್ದರು. ಮೇಲ್ಪದರ ಸವೆದು ತಾಮ್ರ ಹೊಳೆಯುತ್ತಿತ್ತು.

ಎಲೆಕ್ಟ್ರಿಷಿಯನ್ನರ ಸ್ಕ್ಯಾನರಿನಲ್ಲಿ ಪಿ0532 ಕೂಡ ಇತ್ತು, ಅಂದರೆ ಎಸಿ ಒತ್ತಡದ ಸೆನ್ಸರಿನ ವೋಲ್ಟೇಜ್ ಕಡಿಮೆ. ನನ್ನ ರೀಡರ್ ಅದನ್ನು ತೋರಿಸಿರಲಿಲ್ಲ. ಗೇರ್‌ಬಾಕ್ಸ್ ಕಂಪ್ಯೂಟರಿನಲ್ಲಿ ಇದ್ದದ್ದು ಥ್ರಾಟಲ್ ಸಂಕೇತದ ದೂರು ಒಂದೇ. ತುಮಕೂರಿನವರು ಹೇಳಿದ ಅನುಪಾತವನ್ನೂ ನೋಡಿದೆವು. ನಾಲ್ಕು ಗೇರುಗಳಲ್ಲಿಯೂ ಸ್ಥಿರವಾಗಿದೆ.

ಎರಡನೇ ಗೇರು

ಬಂಪರ್ ಜೋಡಿಸಿದವರ ಹೆಸರು ಹೇಳಿ, ನಾವೂ ಎಚ್ಚರದಿಂದಿರುತ್ತೇವೆ.

ಹಾಸನದ ಹೆದ್ದಾರಿ

ಹೆಸರು ಬೇಡ. ಅವರಿಗೆ ತಿಳಿಸಿದ್ದೇನೆ, ಅಷ್ಟು ಸಾಕು.

ಲೆಕ್ಕದ ಮೇಡಂ

ಆ ವೈರನ್ನು ಹೇಗೆ ಸರಿಪಡಿಸಿದಿರಿ? ಬೆಸುಗೆ ಹಾಕುವುದು ಒಳ್ಳೆಯದೋ, ಲೋಹದ ಕೊಳವೆಯಲ್ಲಿ ಒತ್ತಿ ಕೂಡಿಸುವುದು, ಅಂದರೆ ಕ್ರಿಂಪ್ ಮಾಡುವುದೋ?

ಕಡಲತಡಿ ವೈರ್‌ಮನ್

ಅಲುಗಾಡುವ ಜಾಗದಲ್ಲಿ ಬರಿಯ ಬೆಸುಗೆ ಬೇಡ ಮೇಡಂ. ಸೀಸ ಹೀರಿಕೊಂಡ ಭಾಗದ ಅಂಚಿನಲ್ಲಿ ವೈರು ಗಡುಸಾಗಿ, ನಡುಗಿ ನಡುಗಿ ಅಲ್ಲೇ ಮುರಿಯುತ್ತದೆ. ಅಳತೆಗೆ ಸರಿಯಾದ ಕ್ರಿಂಪ್ ಹಾಕಿ, ಅದರ ಮೇಲೆ ಒಳಬದಿಗೆ ಅಂಟು ಸವರಿದ, ಬಿಸಿಗೆ ಕುಗ್ಗುವ ಹೀಟ್‌ಶ್ರಿಂಕ್ ಕೊಳವೆ ಎಳೆದು ಬಿಸಿ ಮಾಡಬೇಕು. ಅನಿವಾರ್ಯವಾಗಿ ಬೆಸುಗೆ ಹಾಕಿದರೆ ಎರಡೂ ಬದಿಯಲ್ಲಿ ವೈರನ್ನು ಕಟ್ಟಿ ಅದು ಅಲುಗದಂತೆ ಮಾಡಬೇಕು. ಇನ್ಸುಲೇಷನ್ ಟೇಪ್ ಮಾತ್ರ ಸುತ್ತಿ ಬಿಟ್ಟರೆ ಎಂಜಿನ್ ಬಿಸಿಗೆ ಅಂಟು ಕರಗಿ ಮುಂದಿನ ಮಳೆಗಾಲಕ್ಕೆ ಮತ್ತೆ ಬಿಚ್ಚಿಕೊಳ್ಳುತ್ತದೆ.

ಹಾಸನದ ಹೆದ್ದಾರಿ

ಕ್ರಿಂಪ್ ಮತ್ತು ಕೊಳವೆಯನ್ನೇ ಹಾಕಿದ್ದಾರೆ. ಮೇಲೆ ಸುರುಳಿ ಪೈಪ್ ಹೊದಿಸಿ ಮೂಲ ಕ್ಲಿಪ್ಪಿಗೆ ಕೂರಿಸಿದ್ದಾರೆ. ಕೂಲಿ ಸೇರಿ ಸಾವಿರ ರೂಪಾಯಿಯ ಒಳಗೆ ಮುಗಿಯಿತು.

ತುಮಕೂರು ಗೇರ್‌ಬಾಕ್ಸ್

ಸಂತೋಷ ಸರ್. ಅನುಪಾತ ಸರಿಯಿದೆ ಎಂದ ಮೇಲೆ ಬಿಚ್ಚುವ ಮಾತೇ ಇಲ್ಲ. ಆದರೂ ಗೇರುಗಳು ಗರಿಷ್ಠ ಒತ್ತಡದಲ್ಲಿ ಎಷ್ಟೋ ಸಲ ಜಗ್ಗಿರುವುದರಿಂದ ಎಣ್ಣೆ ಬದಲಾಯಿಸಿ. ಯಂತ್ರ ಹಾಕಿ ಒತ್ತಡದಿಂದ ಫ್ಲಶ್ ಮಾಡಿಸಬೇಡಿ. ತಳದ ಬೋಲ್ಟ್ ಬಿಚ್ಚಿ ಇಳಿದಷ್ಟನ್ನು ಇಳಿಸಿ, ಅಷ್ಟನ್ನೇ ಹೊಸದಾಗಿ ತುಂಬಿಸಿ. ಪ್ಯಾನ್ ಕಳಚಿದರೆ ಒಳಗಿನ ಅಯಸ್ಕಾಂತವನ್ನು ನೋಡಿ. ನುಣ್ಣನೆಯ ಬೂದು ಹುಡಿ ಇದ್ದರೆ ಅದು ವಯಸ್ಸಿನ ಸವೆತ. ಕಬ್ಬಿಣದ ಚೂರು ಸಿಕ್ಕರೆ ನನಗೆ ಬರೆಯಿರಿ. ಎಣ್ಣೆ ಮಾತ್ರ ಮ್ಯಾನ್ಯುವಲ್ ಪುಸ್ತಕದಲ್ಲಿ ಬರೆದಿರುವ ದರ್ಜೆಯದೇ ಆಗಿರಲಿ, ಸಿವಿಟಿಯ (ಬೇರೊಂದು ಬಗೆಯ ಆಟೋಮ್ಯಾಟಿಕ್‌ನ) ಎಣ್ಣೆಯನ್ನು ಇದಕ್ಕೆ ಹಾಕಬಾರದು.

ಪೀಣ್ಯ ಮಲ್ಟಿಮೀಟರ್

ಫ್ಲಶ್ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ, ಆದರೆ ಅದಕ್ಕೆ ಬೇರೆ ಚರ್ಚೆ ತೆರೆಯೋಣ. ಹಾಸನದವರು ಕೋಡ್‌ಗಳನ್ನು ಅಳಿಸಿದ ಮೇಲೆ ಶಿರಾಡಿಯಲ್ಲಿ ಒಮ್ಮೆ ಓಡಿಸಿ, ಲಾಕ್‌ಅಪ್ ಕೂಡುತ್ತಿದೆಯೋ ಎಂದು ತಿಳಿಸಲಿ. 80ರಲ್ಲಿ ಸ್ಥಿರವಾಗಿ ಹೋಗುವಾಗ ಎಂಜಿನ್ ಸುತ್ತು 200-300ರಷ್ಟು ತಾನಾಗಿ ಇಳಿದು ಅಲ್ಲಿಯೇ ನಿಲ್ಲಬೇಕು.

ಹಾಸನದ ಹೆದ್ದಾರಿ

ನಿನ್ನೆ ಗುಂಡ್ಯದವರೆಗೆ ಹೋಗಿ ಬಂದೆ. ಹಾಸನ-ಸಕಲೇಶಪುರದ ನಡುವೆ 80ರಲ್ಲಿ ಸುತ್ತು 2,400ರಿಂದ 2,150ಕ್ಕೆ ಇಳಿದು ನಿಂತಿತು, ಬ್ರೇಕ್ ಮುಟ್ಟಿದಾಗ ಏರಿತು, ಬಿಟ್ಟ ಮೇಲೆ ಮತ್ತೆ ಇಳಿಯಿತು. ಘಾಟಿಯ ಗುಂಡಿಗಳಲ್ಲಿ ಗೇರು ಒಮ್ಮೆಯೂ ತಾನಾಗಿ ಬೀಳಲಿಲ್ಲ, ಎಸಿಯೂ ನಿಲ್ಲಲಿಲ್ಲ. ಕೋಡ್ ಯಾವುದೂ ಬಂದಿಲ್ಲ. ಎಣ್ಣೆ ಬದಲಾವಣೆಗೆ ಮುಂದಿನ ವಾರ ಕೊಡುತ್ತಿದ್ದೇನೆ. ಪ್ಯಾನಿನ ಚಿತ್ರವನ್ನು ಇಲ್ಲಿಯೇ ಹಾಕುತ್ತೇನೆ.